ನಾಯಿ ನಾಯಿ ಕಚ್ಚಾಡಿದ್ದಕ್ಕೂ ಕೇಸಾ?

ಹೈದರಾಬಾದಿನ ಕೋಠಿಯಲ್ಲಿ ನಾಯಿ ಸಾಕಿದವರಿಗೆ ಬೀದಿ ಸಿಗುವುದು ಬೆಳಗಿನ ಐದೂವರೆಯಿಂದ ಏಳರವರೆಗೆ. ಆಮೇಲೆ ಬಸ್ಸು, ಆಟೊ, ತಳ್ಳುಗಾಡಿ, ಹಳೆ ಪುಸ್ತಕದ ರಾಶಿ ಎಲ್ಲ ಸೇರಿ ಕಾಲಿಡಲು ಜಾಗವಿರುವುದಿಲ್ಲ. ಹಾಗಾಗಿ ಬಡೀಚೌಡಿಯಿಂದ ಕಾಚಿಗುಡದವರೆಗಿನ ಗಲ್ಲಿಗಳ ಸಾಕುನಾಯಿಗಳು ಆ ಒಂದೂವರೆ ಗಂಟೆಯಲ್ಲೇ ಹೊರಬರುತ್ತವೆ. ಬೆಲ್ಟ್ ಹಾಕಿದವು, ಹಾಕದವು, ಹಾಕಿದ್ದರೂ ಅದರ ತುದಿಯನ್ನು ನೆಲದ ಮೇಲೆ ಎಳೆದುಕೊಂಡು ಹೋಗುವವು. ಕೊನೆಯ ಎರಡು ಬಗೆಯ ನಾಯಿಗಳ ಮಾಲೀಕರು ಹತ್ತು ಮಾರು ದೂರದಿಂದಲೇ ಕೂಗುತ್ತಾರೆ: ‘ಕುಛ್ ನೈ ಕರ್ತಾ!’ ತೆಲುಗಿನವರು ‘ಏಮೀ ಚೆಯ್ಯದು’ ಎನ್ನುತ್ತಾರೆ, ನಮ್ಮವರು ‘ಏನೂ ಮಾಡಲ್ಲ’. ಮೂರು ಭಾಷೆಯಲ್ಲೂ ಅದರ ಅರ್ಥ ಇಷ್ಟೇ: ಇಲ್ಲಿಯವರೆಗೆ ಏನೂ ಮಾಡಿಲ್ಲ.

ಈ ಬಡಾವಣೆಗೆ ಕೋಠಿ ಎಂಬ ಹೆಸರು ತಂದುಕೊಟ್ಟದ್ದು 19ನೇ ಶತಮಾನದ ಆರಂಭದಲ್ಲಿ ಕಟ್ಟಿದ ಬ್ರಿಟಿಷ್ ರೆಸಿಡೆನ್ಸಿಯ ಬಂಗಲೆ. ಅದರ ಸುತ್ತಲಿನ ವಿಶಾಲ ಜಾಗ ಈಗ ಮಹಿಳಾ ವಿಶ್ವವಿದ್ಯಾಲಯದ ಕಾಂಪೌಂಡಿನೊಳಗಿದೆ. ಹೊರಗೆ ನಮಗೆ ಉಳಿದದ್ದು ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕಾದ ಗಲ್ಲಿಗಳು. ಇಂಥಲ್ಲಿ ಬಿಟ್ಟ ನಾಯಿಯೊಂದು ಎರಗಿದರೆ ಕಟ್ಟಿದ ನಾಯಿಗೆ ಓಡಲು ದಾರಿಯಿಲ್ಲ. ನಿಯಮ ಪಾಲಿಸಿ ಬೆಲ್ಟ್ ಹಿಡಿದು ನಿಂತವರೇ ಅದರ ಗೂಟವಾಗುತ್ತಾರೆ. ಅರ್ಧ ನಿಮಿಷದಲ್ಲಿ ಎಲ್ಲ ಮುಗಿದಿರುತ್ತದೆ. ಆಮೇಲೆ ಆ ಮನುಷ್ಯ, ಮಡಿಲಲ್ಲಿ ರಕ್ತ ಸೋರುವ ಪ್ರಾಣಿಯನ್ನಿಟ್ಟುಕೊಂಡು, ಯಾರ ಬಳಿ ಹೋಗಬೇಕು?

ನಾಯಿಯ ಬಗ್ಗೆ ದೇಶ ಈಚೆಗೆ ಮಾತಾಡಿದಷ್ಟು ಹಿಂದೆಂದೂ ಮಾತಾಡಿರಲಿಲ್ಲ. 2023ರ ಫೆಬ್ರುವರಿಯಲ್ಲಿ ಇಲ್ಲೇ ಅಂಬರ್‌ಪೇಟೆಯಲ್ಲಿ ನಾಲ್ಕು ವರ್ಷದ ಮಗುವನ್ನು ಬೀದಿನಾಯಿಗಳು ಕೊಂದವು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದಿತು. ಹನ್ನೊಂದೇ ದಿನಕ್ಕೆ ಮೂವರು ನ್ಯಾಯಮೂರ್ತಿಗಳ ಪೀಠ ಆ ಆದೇಶವನ್ನು ಮಾರ್ಪಡಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಕುರಿತು ಇನ್ನೊಂದು ಆದೇಶ ಬಂತು. ಇಷ್ಟೆಲ್ಲ ಗದ್ದಲದಲ್ಲಿ ಮನೆಯೂ ಹೆಸರೂ ಇದ್ದು ಬೆಲ್ಟ್ ಮಾತ್ರ ಇಲ್ಲದ ನಾಯಿ ಯಾರ ಕಣ್ಣಿಗೂ ಬೀಳಲಿಲ್ಲ. ಬೀದಿನಾಯಿಗೆ ಯಜಮಾನನಿಲ್ಲದಿದ್ದರೂ ಪಾಲಿಕೆಯನ್ನು ನಿಲ್ಲಿಸಿ ಕೇಳಬಹುದು. ಸಾಕುನಾಯಿಯ ಯಜಮಾನನ ಮನೆ ನಂಬರು ಇಡೀ ಗಲ್ಲಿಗೆ ಗೊತ್ತಿರುತ್ತದೆ, ಆದರೂ ಕೇಳುವ ದಾರಿಯಿಲ್ಲ.

ದಾರಿಯಿಲ್ಲ ಎಂದದ್ದು ಸಿಟ್ಟಿನ ಮಾತಲ್ಲ, ಕಾನೂನು ಓದಿದರೆ ಹಾಗೆಯೇ ಕಾಣುತ್ತದೆ. ಪ್ರಾಣಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗೆ ಜೈಲು ಅಥವಾ ಐದು ಸಾವಿರ ರೂಪಾಯಿವರೆಗೆ ದಂಡ ಹೇಳುತ್ತದೆ. ಆದರೆ ಅದು ನೋಡುವುದು ಮನುಷ್ಯನ ಜೀವಕ್ಕೆ ಬರುವ ಅಪಾಯವನ್ನು, ಮನುಷ್ಯನಿಗಾಗುವ ತೀವ್ರ ಗಾಯವನ್ನು ಮಾತ್ರ. 2023ರ ಜನವರಿಯಲ್ಲಿ ಬಂಜಾರಾ ಹಿಲ್ಸಿನ ಅಪಾರ್ಟ್‌ಮೆಂಟ್ ಒಂದರಲ್ಲಿ ಸಾಕುನಾಯಿ ಬೆನ್ನಟ್ಟಿದ್ದರಿಂದ ಮಹಡಿಯಿಂದ ಹಾರಿ ಊಟ ತಲುಪಿಸುವ ಹುಡುಗನೊಬ್ಬ ಸತ್ತಾಗ ಆಗಿನ ದಂಡ ಸಂಹಿತೆಯಡಿ ಪೊಲೀಸ್ ಕೇಸು ದಾಖಲಾಯಿತು. ಸತ್ತದ್ದು ಬೆಕ್ಕೋ ಪೊಮೆರೇನಿಯನ್ನೋ ಆದರೆ ಈ ಕಲಮು ಬಾಯಿ ಬಿಡುವುದಿಲ್ಲ. ಪ್ರಾಣಿಯನ್ನು ಕೊಂದರೆ, ಊನ ಮಾಡಿದರೆ ಐದು ವರ್ಷದವರೆಗೆ ಜೈಲು ಎನ್ನುವ 325ನೇ ಕಲಮು ಇದೆಯಲ್ಲ ಎನ್ನಬಹುದು. ಅದಕ್ಕೆ ಕೇಡು ಮಾಡುವ ಉದ್ದೇಶವೋ ತಿಳಿವಳಿಕೆಯೋ ಇತ್ತೆಂದು ತೋರಿಸಬೇಕು. ಬೆಲ್ಟ್ ಮರೆತವನಿಗೆ ಉದ್ದೇಶವೆಲ್ಲಿಯದು?

ಕರ್ನಾಟಕ ಹೈಕೋರ್ಟ್ 2022ರಲ್ಲಿ ಇದೇ ಜಾಡಿನ ತೀರ್ಪು ಕೊಟ್ಟಿದೆ. ಬೆಂಗಳೂರಿನಲ್ಲಿ ವಾಹನಕ್ಕೆ ಸಿಕ್ಕಿ ಸಾಕುನಾಯಿಯೊಂದು ಸತ್ತ ಪ್ರಕರಣವದು. ಅಜಾಗರೂಕ ಚಾಲನೆಯ ಕಲಮು ಮನುಷ್ಯರಿಗೆ ಸಂಬಂಧಿಸಿದ್ದು, ನಾಯಿಗೆ ಅನ್ವಯಿಸುವುದಿಲ್ಲ. ಚಾಲಕನಿಗೆ ನಾಯಿಯ ಮೇಲೆ ಹಗೆಯೂ ಇರಲಿಲ್ಲ ಎಂದು ಕೋರ್ಟ್ ಮೊಕದ್ದಮೆಯನ್ನು ರದ್ದುಪಡಿಸಿತು. ಕಾನೂನಿನ ಅಕ್ಷರ ಹಿಡಿದರೆ ತೀರ್ಪು ತಪ್ಪೆನ್ನಲಾಗದು. ಅಕ್ಷರವೇ ಹಳೆಯದು. ಹಿಂದಿನ ದಂಡ ಸಂಹಿತೆ ಪ್ರಾಣಿಗೆ ಹತ್ತು ರೂಪಾಯಿ, ಐವತ್ತು ರೂಪಾಯಿ ಎಂದು ಬೆಲೆ ಕಟ್ಟಿ ಶಿಕ್ಷೆ ಅಳೆಯುತ್ತಿತ್ತು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ತಪ್ಪಿಗೆ ದಂಡ ಈಗಲೂ ಹತ್ತರಿಂದ ಐವತ್ತು ರೂಪಾಯಿ. ಕೋಠಿಯಲ್ಲಿ ಅಷ್ಟಕ್ಕೆ ಎರಡು ಚಹಾ, ಒಂದು ಉಸ್ಮಾನಿಯಾ ಬಿಸ್ಕೆಟ್. ನಮ್ಮಲ್ಲಿ ಮಾತ್ರ ಹೀಗೆಂದಲ್ಲ. ಬ್ರಿಟನ್ನಿನ 1991ರ ಅಪಾಯಕಾರಿ ನಾಯಿಗಳ ಕಾಯ್ದೆಗೆ 2014ರಲ್ಲಿ ಕುರುಡರಿಗೆ ದಾರಿ ತೋರುವಂಥ ಸಹಾಯಕ ನಾಯಿಗಳನ್ನು ಸೇರಿಸಿದರು. ಸಾಧಾರಣ ಸಾಕುಪ್ರಾಣಿ ಆ ಪಟ್ಟಿಗೆ ಬರಲಿಲ್ಲ.

ಠಾಣೆಗೆ ಹೋದವರಿಗೆ ಸಿಗುವ ‘ನಾಯಿ ನಾಯಿ ಕಚ್ಚಾಡಿದ್ದಕ್ಕೂ ಕೇಸಾ?’ ಎಂಬ ನಗು ಹುಟ್ಟುವುದು ಕಾನೂನಿನ ಈ ಖಾಲಿ ಜಾಗದಲ್ಲೇ. ಆದರೂ ದೂರು ಬರೆದುಕೊಡಿ ಎನ್ನುತ್ತೇನೆ. ಠಾಣೆಗೊಂದು, ಪಾಲಿಕೆಗೊಂದು, ಅಪಾರ್ಟ್‌ಮೆಂಟ್ ಸಂಘಕ್ಕೊಂದು. ದಿನಾಂಕ, ಗಂಟೆ, ಫೋಟೊ, ವೈದ್ಯರ ಚೀಟಿ ಸಮೇತ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡು. ಅದರಿಂದ ನಾಳೆಯೇ ಏನೂ ಆಗದಿರಬಹುದು. ಆದರೆ ಇಂಥ ವ್ಯಾಜ್ಯಗಳ ಜುಟ್ಟು ಇರುವುದು ಒಂದೇ ಪದದಲ್ಲಿ: ತಿಳಿದಿತ್ತೇ? ತನ್ನ ನಾಯಿ ಎರಗುತ್ತದೆಂದು ಮಾಲೀಕನಿಗೆ ಮೊದಲೇ ತಿಳಿದಿತ್ತೆಂದು ತೋರಿಸಲು ನಿಮ್ಮ ದೂರಿನ ಪ್ರತಿಯಷ್ಟು ಗಟ್ಟಿ ಸಾಕ್ಷಿ ಬೇರೆಯಿಲ್ಲ. ಮೊದಲ ಕಡಿತಕ್ಕೆ ‘ಗೊತ್ತಿರಲಿಲ್ಲ’ ಎನ್ನಬಹುದು, ಎರಡನೆಯದಕ್ಕೆ ಆಗದು.

ಆದರೆ ದೂರಿಗಿಂತ ಮೊದಲು ಪಶುವೈದ್ಯರು. ಇದನ್ನು ಒತ್ತಿ ಹೇಳಲು ಕಾರಣವಿದೆ. ದೊಡ್ಡ ನಾಯಿ ಸಣ್ಣದನ್ನು ಕಚ್ಚಿ ಬಿಡುವುದಿಲ್ಲ, ಹಿಡಿದು ಒದರುತ್ತದೆ. ಚರ್ಮದ ಮೇಲೆ ಎರಡು ತೂತು ಕಾಣುತ್ತದೆ. ಒಳಗೆ ಮಾಂಸ ಹರಿದಿರಬಹುದು, ಪಕ್ಕೆಲುಬು ಮುರಿದಿರಬಹುದು, ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು. ಮನೆಗೆ ಬಂದು ನೀರು ಕುಡಿದು ಬಾಲ ಅಲ್ಲಾಡಿಸಿದ ನಾಯಿ ಮರುದಿನ ಮಲಗಿದಲ್ಲಿಂದ ಏಳದಿರುವುದು ಹೀಗೆ. ‘ಸಣ್ಣ ಗಾಯ, ಅರಿಶಿನ ಹಚ್ಚಿ’ ಎನ್ನುವ ಹಿರಿಯರನ್ನು ಗೌರವದಿಂದ ಪಕ್ಕಕ್ಕಿಡಿ. ಗಾಯವನ್ನು ಸಾಬೂನು ಹಾಕಿ ಹರಿವ ನೀರಿನಲ್ಲಿ ಕಾಲು ಗಂಟೆ ತೊಳೆಯಬೇಕು. ನೋವಿನಲ್ಲಿ ನಿಮ್ಮ ನಾಯಿ ನಿಮ್ಮನ್ನೇ ಕಚ್ಚಬಹುದು, ಎತ್ತುವ ಮುನ್ನ ದಪ್ಪ ಟವೆಲ್ ಸುತ್ತಿ. ಮನೆಯಲ್ಲಿರುವ ಜ್ವರದ ಮಾತ್ರೆ ಬೇಡವೇ ಬೇಡ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ. ಕೋಠಿಯವರಿಗೆ ನಾರಾಯಣಗುಡದ ಸರ್ಕಾರಿ ಪಶು ಆಸ್ಪತ್ರೆ ಹತ್ತಿರ. ರೇಬಿಸ್ ಲಸಿಕೆ ಸಕಾಲದಲ್ಲಿ ಹಾಕಿಸಿದ್ದರೂ ಕಡಿತದ ನಂತರ ಇನ್ನೊಂದು ಚುಚ್ಚುಮದ್ದು ಬೇಕು. ಹಾಕಿಸಿರದಿದ್ದರೆ ಆ ದಿನ, ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೆಂಟನೆಯ ದಿನ ಎಂದು ವೈದ್ಯರು ಬರೆದುಕೊಡುತ್ತಾರೆ. ಬಿಡಿಸಲು ಹೋಗಿ ನಿಮ್ಮ ಕೈಗೂ ಹಲ್ಲು ತಾಗಿದ್ದರೆ ಅದು ಬೇರೆಯೇ ಕೇಸು. ಅದೇ ದಿನ ನಾರಾಯಣಗುಡದ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್‌ಗೋ ನಲ್ಲಕುಂಟದ ಫೀವರ್ ಆಸ್ಪತ್ರೆಗೋ ಹೋಗಿ.

ಕಚ್ಚಿದ ನಾಯಿ ಹತ್ತು ದಿನ ಆರೋಗ್ಯವಾಗಿ ಬದುಕಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬಿಸ್ ಇರಲಿಲ್ಲವೆಂದು ಲೆಕ್ಕ. ಬೀದಿನಾಯಿಯನ್ನು ಹತ್ತು ದಿನ ಕಾಯುವುದು ಕಷ್ಟ, ಸಾಕುನಾಯಿ ಕಣ್ಣೆದುರೇ ಇರುತ್ತದೆ. ಮಾಲೀಕ ಲಸಿಕೆ ಪುಸ್ತಕ ತೋರಿಸಿ, ಹತ್ತು ದಿನ ಸುದ್ದಿ ಹೇಳುತ್ತಿದ್ದರೆ ಎದುರುಮನೆಯ ಅರ್ಧ ಭಯ ಅಲ್ಲೇ ಇಳಿಯುತ್ತದೆ. ಆದರೆ ಆತ ಬಾಗಿಲು ಹಾಕಿಕೊಳ್ಳುವುದೇ ಹೆಚ್ಚು. ಅವನಿಗೆ ಬಿಲ್ಲಿನ ಹೆದರಿಕೆ, ಕೇಸಿನ ಹೆದರಿಕೆ.

ಮಹಾಭಾರತದ ಆರಂಭದಲ್ಲೇ ಇಂಥದೊಂದು ಮುಚ್ಚಿದ ಬಾಗಿಲಿನ ಕತೆಯಿದೆ. ಜನಮೇಜಯನ ಯಜ್ಞಶಾಲೆಗೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಸುಮ್ಮನೆ ಹೊಡೆದಟ್ಟುತ್ತಾರೆ. ಮರಿ ಅಳುತ್ತ ತಾಯಿಯ ಬಳಿ ಹೋಗುತ್ತದೆ. ಆ ತಾಯಿ, ದೇವತೆಗಳ ನಾಯಿ ಸರಮೆ, ನೇರ ಯಜ್ಞಶಾಲೆಗೆ ಬಂದು, ನನ್ನ ಮಗ ಹವಿಸ್ಸು ನೆಕ್ಕಿದನೇ, ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಶಾಪ ಬರುವುದು ಆಮೇಲೆ. ಆ ಮೌನ ಇರದಿದ್ದರೆ ಶಾಪವೂ ಇರುತ್ತಿರಲಿಲ್ಲವೆಂದು ನನಗೆ ಅನಿಸುತ್ತದೆ. ಸಾಕಿದ ಪ್ರಾಣಿ ಕಚ್ಚಿಸಿಕೊಂಡವರ ಮಾತಿಗೆ ಕಿವಿಗೊಟ್ಟು ನೋಡಿ. ‘ಒಂದು ಸಾರಿ ಬಂದು ಹೇಗಿದೆ ಅಂತ ಕೇಳಲಿಲ್ಲ’ ಎನ್ನುವುದು ದುಡ್ಡಿನ ಮಾತಿಗಿಂತ ಮೊದಲು ಬರುತ್ತದೆ.

ಉತ್ತರ ಸಿಗದ ಸಿಟ್ಟು ಕೈಗೆ ಬಂದರೆ ಏನಾಗುತ್ತದೆಂಬುದನ್ನೂ ಈ ನಗರ ಕಂಡಿದೆ. 2024ರ ಮೇ ತಿಂಗಳಲ್ಲಿ ರಹಮತ್‌ನಗರದಲ್ಲಿ ಹಸ್ಕಿ ನಾಯಿಯೊಂದರ ಜಗಳದಲ್ಲಿ ಗುಂಪೊಂದು ಕೋಲು ಹಿಡಿದು ಬಂದು ನಾಯಿಯ ಜೊತೆಗೆ ಮನೆಯವರನ್ನೂ ಬಡಿಯಿತು.

ಇನ್ನು ಪ್ರಾಣಿಯನ್ನು ಕಳೆದುಕೊಂಡವರ ಸಂಕಟಕ್ಕೆ ಬರುತ್ತೇನೆ. ‘ನಾಯಿಗೋಸ್ಕರ ಇಷ್ಟು ಅಳ್ತೀರಾ?’ ಎಂದು ಕೇಳುವವರನ್ನು ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕಳಿಸಬೇಕು. ಅಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲಿದೆ, ಶಕ 872ರದು, ಎಂದರೆ ಕ್ರಿ.ಶ. 950ರ ಆಸುಪಾಸು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಬೋರೆಯಲ್ಲಿ ಆ ನಾಯಿ ಕಾಡುಹಂದಿಯೊಡನೆ ಸೆಣಸಿತು, ಎರಡೂ ಒಟ್ಟಿಗೆ ಸತ್ತವು. ಆತ ಚಲ್ಲೇಶ್ವರ ಗುಡಿಯೆದುರು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗೊರವನಿಗೆ ಪಾಪ ತಟ್ಟಲಿ ಎಂದು ಬರೆಸಿದ. ಯುದ್ಧ ಗೆದ್ದ ಮನುಷ್ಯ ನಾಯಿ ಸತ್ತದ್ದಕ್ಕೆ ನಾಚಿಕೊಳ್ಳಲಿಲ್ಲ. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಹತ್ತು ವರ್ಷ ಜೊತೆ ಮಲಗಿದ ಪ್ರಾಣಿಗೆ ಅತ್ತರೆ ನಾವೇಕೆ ನಾಚಬೇಕು?

ಬದುಕುಳಿದ ಪ್ರಾಣಿಯ ವಿಷಯ ಇನ್ನೂ ಸೂಕ್ಷ್ಮ. ಹೊಲಿಗೆ ಬಿಚ್ಚಿದ ಮೇಲೂ ಅದು ಆ ತಿರುವಿನಲ್ಲಿ ಕಾಲು ಊರಿ ನಿಲ್ಲುತ್ತದೆ, ಕಂಡ ನಾಯಿಗೆಲ್ಲ ಬೊಗಳುತ್ತದೆ. ನೀವು ಹೆದರಿ ಬೆಲ್ಟ್ ಬಿಗಿ ಹಿಡಿದರೆ ಆ ಹೆದರಿಕೆ ಹಗ್ಗದಲ್ಲಿಳಿದು ಅದರ ಕುತ್ತಿಗೆಗೆ ತಲುಪುತ್ತದೆ. ಕೆಲವು ವಾರ ದಾರಿ ಬದಲಿಸಿ, ಹೊತ್ತು ಬದಲಿಸಿ. ದೂರದಲ್ಲಿ ಶಾಂತವಾದ ನಾಯಿ ಕಂಡಾಗ ತಿನ್ನಲು ಕೊಟ್ಟು ಹಾಗೇ ಮುಂದೆ ನಡೆಯಿರಿ. ‘ಇಬ್ಬರೂ ಫ್ರೆಂಡ್ಸ್ ಆಗ್ಲಿ ಬಿಡಿ’ ಎಂದು ಕಚ್ಚಿದ ನಾಯಿಯನ್ನೇ ಎದುರು ತರುವವರಿಗೆ ಬಾಗಿಲು ತೆರೆಯಬೇಡಿ. ಬೆಕ್ಕಾದರೆ ಮಂಚದಡಿ ಸೇರುತ್ತದೆ. ಎರಡು ದಿನ ಅನ್ನ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಉಪವಾಸ ಬೆಕ್ಕಿನ ಪಿತ್ತಜನಕಾಂಗಕ್ಕೆ ಅಪಾಯ.

ಸಾಕುನಾಯಿ ಕಚ್ಚುವ ವಿಷಯದಲ್ಲಿ ಸರ್ಕಾರಕ್ಕೆ ಕಂಡದ್ದು ತಳಿ ಮಾತ್ರ. 2024ರ ಮಾರ್ಚ್‌ನಲ್ಲಿ ಪಿಟ್‌ಬುಲ್, ರಾಟ್‌ವೀಲರ್ ಸೇರಿ 23 ತಳಿಗಳನ್ನು ನಿಷೇಧಿಸುವಂತೆ ಕೇಂದ್ರ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ್ದೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ಗಲ್ಲಿಯಲ್ಲಿ ಎರಗುವ ನಾಯಿ ಲ್ಯಾಬ್ರಡಾರ್ ಆಗಿರಬಹುದು, ನಾಡತಳಿ ಆಗಿರಬಹುದು. ಕೇಳಬೇಕಾದದ್ದು ಹಗ್ಗ ಯಾರ ಕೈಯಲ್ಲಿತ್ತು ಎಂದು. ಹೈದರಾಬಾದಿನಲ್ಲಿ ಸಾಕುನಾಯಿಗೆ ಪಾಲಿಕೆಯ ಲೈಸೆನ್ಸ್ ಕಡ್ಡಾಯ. ಅದೇ ಲೈಸೆನ್ಸಿಗೆ ಮೂರು ಷರತ್ತು ಸೇರಿಸಲು ಹೊಸ ಕಚೇರಿ ಬೇಡ: ಬೀದಿಯಲ್ಲಿ ಬೆಲ್ಟ್, ಕಚ್ಚಿದರೆ 24 ಗಂಟೆಯೊಳಗೆ ಲಸಿಕೆ ಪುಸ್ತಕ, ಗಾಯಗೊಂಡ ಪ್ರಾಣಿಯ ಚಿಕಿತ್ಸೆಯ ಪೂರ್ತಿ ಖರ್ಚು. ಒಪ್ಪದವರಿಗೆ ಲೈಸೆನ್ಸ್ ನವೀಕರಣವಿಲ್ಲ.

ಅಲ್ಲಿಯವರೆಗೆ, ಬೆಲ್ಟ್ ಮರೆತವರಲ್ಲಿ ಒಂದು ಕೇಳಿಕೆ. ನಿಮ್ಮ ನಾಯಿ ಕಚ್ಚಿದ ದಿನವೇ, ಸಂಜೆಯೊಳಗೆ, ಅದರ ಲಸಿಕೆ ಪುಸ್ತಕ ಹಿಡಿದು ಆ ಮನೆಯ ಬಾಗಿಲು ತಟ್ಟಿ. ಬಿಲ್ಲಿನ ಮಾತು ಆಮೇಲೆ ಆಡಿಕೊಳ್ಳಬಹುದು.