ಮೊದಲು ಕಾಲು, ಆಮೇಲೆ ಕೈ

ನಲುವತ್ತು ದಾಟಿದ ಮೇಲೆ ಮತ್ತೆ ವಿದ್ಯಾರ್ಥಿಯಾಗುವುದು ಸುಲಭದ ಮಾತಲ್ಲ. ಅದರಲ್ಲೂ ದಿನ ಬೆಳಗಾದರೆ ಮಕ್ಕಳಿಗೆ "ಗಮನ ಇಟ್ಟು ನೋಡು, ತನ್ನಿಂದ ತಾನೇ ಬರುತ್ತದೆ" ಎಂದು ಹೇಳುತ್ತಲೇ ಬಂದ ನಮ್ಮಂಥ ಅಧ್ಯಾಪಕರಿಗೆ! 2025ರ ಮಳೆಗಾಲದಲ್ಲಿ ಆ ಭಾಗ್ಯ ನಮ್ಮ ಪಾಲಿಗೆ ಬಂತು. ನಾವು ಝುಂಬಾ ಕಲಿಯಲು ನಿಂತೆವು.

ಹಿನ್ನೆಲೆ ಹೆಚ್ಚಿನವರಿಗೆ ಗೊತ್ತಿರುವುದೇ. 2025ರ ಜೂನ್‌ನಲ್ಲಿ ಕೇರಳದ ಶಾಲೆಗಳಲ್ಲಿ ಮಾದಕ ವಸ್ತುಗಳ ವಿರುದ್ಧದ ಅಭಿಯಾನದ ಅಂಗವಾಗಿ ಝುಂಬಾ ಆರಂಭಿಸಬೇಕೆಂದು ಸರಕಾರ ಹೇಳಿತು. ಕೆಲವು ಧಾರ್ಮಿಕ ಸಂಘಟನೆಗಳು ವಿರೋಧಿಸಿದವು, ಶಿಕ್ಷಣ ಸಚಿವರು ಸಮರ್ಥಿಸಿಕೊಂಡರು. ಟಿ.ವಿ.ಯಲ್ಲಿ ದಿನಗಟ್ಟಲೆ ಚರ್ಚೆ. ಹುಡುಗ ಹುಡುಗಿಯರು ಒಟ್ಟಿಗೆ ಕುಣಿಯಬಹುದೇ, ಉಡುಪು ಹೇಗಿರಬೇಕು, ಇದು ನಮ್ಮ ಸಂಸ್ಕೃತಿಯೇ... ಇಷ್ಟೆಲ್ಲ ಮಾತಿನ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳಿದ ಹಾಗೆ ಕಾಣಲಿಲ್ಲ. ಏನೂ ಬಾರದವನಿಗೆ ಇದನ್ನು ಕಲಿಸುವುದು ಹೇಗೆ?

ನಮ್ಮದು ಸಣ್ಣ ಕನ್ನಡ ಮಾಧ್ಯಮ ಶಾಲೆ. ದೈಹಿಕ ಶಿಕ್ಷಕರ ಹುದ್ದೆ ಮಕ್ಕಳ ಲೆಕ್ಕದ ಮೇಲೆ ನಿಂತಿರುವುದರಿಂದ ನಮ್ಮಂಥ ಶಾಲೆಗೆ ಅದು ಕನಸು. ಹಾಗಾಗಿ ಹೊರಗಿನಿಂದ ಒಬ್ಬರು ತರಬೇತುದಾರರು ಬಂದರು. ಹೊರಗೆ ಜಡಿಮಳೆ. ಎರಡು ಕೋಣೆಗಳ ನಡುವಿನ ತಟ್ಟಿ ತೆಗೆದು ಬೆಂಚುಗಳನ್ನು ಗೋಡೆಗೆ ಸರಿಸಿದೆವು. "ಅಧ್ಯಾಪಕರೂ ಮಕ್ಕಳ ಜೊತೆ ನಿಲ್ಲಿ, ಇನ್ನು ನೀವೇ ಮಾಡಿಸಬೇಕಲ್ಲ" ಎಂದರು. ನಾವು ಮರ್ಯಾದೆ ಉಳಿಸಿಕೊಳ್ಳಲು ಹಿಂದಿನ ಸಾಲಿಗೆ ಹೋದೆವು. ಅದೇ ಮೊದಲ ತಪ್ಪು!

ಹಾಡು ಶುರುವಾಯಿತು. ಮೊದಲ ಅರ್ಧ ನಿಮಿಷ ನಿಂತಲ್ಲೇ ನಡೆಯುವುದು, ಅದು ಬಂತು. ಆಮೇಲೆ ಬಲಕ್ಕೆ ಎರಡು ಹೆಜ್ಜೆ, ಎಡಕ್ಕೆ ಎರಡು, ಕೈ ಮೇಲೆ, ಸೊಂಟ ತಿರುಗಿಸಿ, ಚಪ್ಪಾಳೆ, ಅರ್ಧ ಸುತ್ತು. ನಾವು ಬಲಕ್ಕೆ ಹೋಗುವಾಗ ಸಾಲೆಲ್ಲ ಎಡಕ್ಕೆ ಬರುತ್ತಿತ್ತು. ಸಾಲು ಬಲಕ್ಕೆ ತಿರುಗಿದಾಗ ನಾವು ಗೋಡೆ ನೋಡುತ್ತಿದ್ದೆವು. ತರಬೇತುದಾರರು ಎದುರಾಗಿ ನಿಂತಿದ್ದರಿಂದ ಅವರ ಬಲ ನಮಗೆ ಎಡವಾಗಿ ಕಾಣುತ್ತಿತ್ತು. ನೋಡಿ ಮಾಡಬೇಕೋ, ಕೇಳಿ ಮಾಡಬೇಕೋ ಎಂದು ತೀರ್ಮಾನಿಸುವಷ್ಟರಲ್ಲಿ ಹೆಜ್ಜೆಯೇ ಬದಲಾಗಿರುತ್ತಿತ್ತು.

ಮಾತು ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷ್. ನಮಗೆ ಮಲಯಾಳ ಬಾರದೆಂದಲ್ಲ. ಕಾಸರಗೋಡಿನಲ್ಲಿ ನೌಕರಿ ಮಾಡುವವರು ಕಚೇರಿಯಲ್ಲಿ, ಬಸ್ಸಿನಲ್ಲಿ, ಪೇಟೆಯಲ್ಲಿ ದಿನವೂ ಅದನ್ನು ಆಡುತ್ತಾರೆ. 'ವಲದು' ಎಂದರೆ ಬಲ, 'ಇಡದು' ಎಂದರೆ ಎಡ. ಕುಳಿತು ಕೇಳಿದರೆ ಎಷ್ಟು ಹತ್ತಿರದ ಶಬ್ದಗಳು! ಆದರೆ ಒಂದು ಕಾಲು ಗಾಳಿಯಲ್ಲಿರುವಾಗ, ಏದುಸಿರು ಬರುತ್ತಿರುವಾಗ, ಕಿವಿಯಿಂದ ತಲೆಗೆ, ತಲೆಯಿಂದ ಕಾಲಿಗೆ ಆ ಶಬ್ದ ಇಳಿಯಲು ಒಂದು ಕ್ಷಣ ಹೆಚ್ಚು ಬೇಕು. ಆ ಒಂದು ಕ್ಷಣದಲ್ಲೇ ನಾವು ಹಿಂದೆ ಬಿದ್ದೆವು. ಒಮ್ಮೆ ಹಿಂದೆ ಬಿದ್ದವರಿಗೆ ಮತ್ತೆ ಸೇರಿಕೊಳ್ಳಲು ಎಲ್ಲೂ ಜಾಗವೇ ಸಿಗಲಿಲ್ಲ.

ಮೂರನೆಯ ಹಾಡಿಗೆ ಮೊಣಕಾಲು ಮುಷ್ಕರ ಹೂಡಿತು. ನಮ್ಮಲ್ಲಿ ಒಬ್ಬರು "ಬಿ.ಪಿ. ಮಾತ್ರೆ ತಗೊಂಡಿಲ್ಲ ಮಾರಾಯ್ರೇ" ಎಂದು ಜಗಲಿಗೆ ಹೋದರು, ಇನ್ನೊಬ್ಬರಿಗೆ ಫೋನ್ ಬಂತು (ಬಂದ ಹಾಗೆ ಮಾಡಿದರು). ಉಳಿದವರು ನೀರು ಕುಡಿಯುವ ನೆಪದಲ್ಲಿ ಬೆಂಚಿಗೆ ಒರಗಿದೆವು. ಆಗ ಹೊಳೆಯಿತು. ತಲೆನೋವು, ಹೊಟ್ಟೆನೋವು, ಪೆನ್ಸಿಲ್ ಬಿತ್ತು, ನೀರು ಕುಡಿದು ಬರುತ್ತೇನೆ... ಗಣಿತದ ಪೀರಿಯಡ್‌ನಲ್ಲಿ ಮಕ್ಕಳು ಹೇಳುವ ಕಾರಣಗಳೂ ಇವೇ ಅಲ್ಲವೇ? ನಾವು ಅದಕ್ಕೆ ಸೋಮಾರಿತನ ಎಂದು ಹೆಸರಿಟ್ಟಿದ್ದೆವು.

ಆಗ ಆರನೆಯ ತರಗತಿಯ ಒಬ್ಬ ಹುಡುಗ ಹತ್ತಿರ ಬಂದ. ಪಾಠದಲ್ಲಿ ಅಷ್ಟಕ್ಕಷ್ಟೇ, ಆದರೆ ಶನಿವಾರ ಭಾನುವಾರ ಯಕ್ಷಗಾನದ ನಾಟ್ಯ ಕಲಿಯಲು ಹೋಗುವವನು. ಮೆಲ್ಲ ಹೇಳಿದ: "ಟೀಚರೇ, ಕೈ ಬಿಟ್ಟುಬಿಡಿ. ಮೊದಲು ಕಾಲು ಮಾತ್ರ ಮಾಡಿ. ಕಾಲು ಸರಿಯಾದ ಮೇಲೆ ಕೈ ಹಾಕಿದರಾಯ್ತು. ನಮಗೆ ಹಾಗೇ ಹೇಳಿಕೊಡುವುದು."

ಹಾಗೆಯೇ ಮಾಡಿದೆವು. ಕೈ ಕಟ್ಟಿ ಬರೇ ಕಾಲು. ನಾಲ್ಕನೆಯ ಹಾಡಿಗೆ, ಚೆಂದ ಅಲ್ಲದಿದ್ದರೂ, ಸಾಲಿನ ಜೊತೆ ಇದ್ದೆವು.

ಯೋಚಿಸಿದರೆ ಇದು ನಮಗೆ ಗೊತ್ತಿಲ್ಲದ ವಿಷಯವೇ ಅಲ್ಲ. ಸರಳದಿಂದ ಕ್ಲಿಷ್ಟದ ಕಡೆಗೆ, ತಿಳಿದದ್ದರಿಂದ ತಿಳಿಯದ್ದರ ಕಡೆಗೆ ಎಂದು ತರಬೇತಿ ಕಾಲದಲ್ಲಿ ಪಾಠಯೋಜನೆಯ ಮೇಲೆ ಎಷ್ಟು ಸಲ ಬರೆದಿಲ್ಲ! ಪಾರ್ತಿಸುಬ್ಬನ ಊರು ಕುಂಬಳೆ ಇರುವ ನಾಡು ನಮ್ಮದು. ಇಲ್ಲಿ ಹೆಜ್ಜೆ ಕಲಿಸುವವರು ಮೊದಲ ದಿನವೇ ಗೆಜ್ಜೆ ಕಟ್ಟಿಸುವುದಿಲ್ಲ. ಬಾಯಿತಾಳ ಹೇಳಿ, ಕೈತಟ್ಟಿ, ನಿಧಾನ ಕಾಲದಲ್ಲಿ ಒಂದೇ ಹೆಜ್ಜೆಯನ್ನು ಸಾಕೆನಿಸುವಷ್ಟು ಮಾಡಿಸುತ್ತಾರೆ. ಚೆಂಡೆ ಮದ್ದಳೆ ಆಮೇಲೆ, ಧೀಂಗಿಣ ಅದಕ್ಕೂ ಆಮೇಲೆ. ಝುಂಬಾದ ಹುಟ್ಟೂ ಇದಕ್ಕೆ ದೂರವಲ್ಲ. ಕೊಲಂಬಿಯಾದ ಬೆಟೊ ಪೆರೆಸ್ ಎಂಬ ತರಬೇತುದಾರ 1990ರ ದಶಕದಲ್ಲಿ ಒಂದು ದಿನ ವ್ಯಾಯಾಮದ ಕ್ಯಾಸೆಟ್ ಮರೆತು ತರಗತಿಗೆ ಬಂದರಂತೆ. ಚೀಲದಲ್ಲಿದ್ದ, ತಾನು ದಿನಾ ಕೇಳುವ ಸಾಲ್ಸಾ, ಮೆರೆಂಗೆ ಹಾಡುಗಳನ್ನೇ ಹಾಕಿ ಕುಣಿಸಿದರಂತೆ. ಎಂದರೆ ಅವರೂ ಶುರುಮಾಡಿದ್ದು ತಮಗೂ ತಮ್ಮವರಿಗೂ ಗೊತ್ತಿದ್ದ ತಾಳದಿಂದ.

ಹಾಗಾಗಿ ವ್ಯಾಯಾಮ ಬೇಡ ಎನ್ನುವವರು ನಾವಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬಿಸಿಯಾಗುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಮನೆ ಬಾಗಿಲಿಗೆ ಶಾಲಾ ಬಸ್ಸು, ಕೈಯಲ್ಲಿ ಮೊಬೈಲು ಬಂದ ಮೇಲೆ ನಮ್ಮ ಮಕ್ಕಳಿಗೂ ನಮಗೂ ಅಷ್ಟು ಆಗುತ್ತಿಲ್ಲ ಎಂಬುದು ಸತ್ಯ. ನಮ್ಮ ವಾದ ಇಷ್ಟೇ: ಕಲಿಸುವ ಕ್ರಮ ಸರಿಯಿಲ್ಲದಿದ್ದರೆ ಯಾರಿಗೆ ಅದು ಹೆಚ್ಚು ಬೇಕೋ ಅವರೇ ಮೊದಲು ಹೊರಗೆ ಹೋಗುತ್ತಾರೆ. ಚುರುಕಿನ ಮಕ್ಕಳು ಹೇಗೂ ಕುಣಿಯುತ್ತವೆ. ಮೈ ಭಾರದವನು, ನಾಚಿಕೆಯವಳು, ಭಾಷೆ ಹಿಡಿಯದವನು ಜಗಲಿಯಲ್ಲಿ ಕೂರುತ್ತಾರೆ.

ಈಗ ನಿಜವಾಗಿ ಕಾಡಿದ ಮಾತಿಗೆ ಬರುತ್ತೇವೆ. ನಾವು ಅಲ್ಲಿ ಪರದಾಡಿದ್ದು ನಲುವತ್ತು ನಿಮಿಷ. ಮಲಯಾಳ ತಿಳಿದ, ಬೇಕೆಂದಾಗ ಎದ್ದು ಹೋಗಬಲ್ಲ ದೊಡ್ಡವರು ನಾವು. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದರೆ ಅಲ್ಲಿ ಕುಳಿತ ಮಗು ಪರದಾಡುವುದು ಇಡೀ ವರ್ಷ. ಭಿನ್ನರಾಶಿಯೋ ದ್ಯುತಿಸಂಶ್ಲೇಷಣೆಯೋ, ಶಬ್ದ ತಲೆಗೆ ಇಳಿಯುವಷ್ಟರಲ್ಲಿ ಪಾಠ ಮುಂದೆ ಹೋಗಿರುತ್ತದೆ. ಅದಕ್ಕೆ ಎದ್ದು ಹೋಗುವ ಸ್ವಾತಂತ್ರ್ಯವೂ ಇಲ್ಲ. ಇಂಥ ನೇಮಕ ಆದಾಗಲೆಲ್ಲ ಇಲ್ಲಿನ ಹೆತ್ತವರು ಶಾಲೆ ಮುಂದೆ ಪ್ರತಿಭಟಿಸಿದ್ದುಂಟು. "ಒಂದೆರಡು ತಿಂಗಳಲ್ಲಿ ಮಕ್ಕಳಿಗೆ ಅಭ್ಯಾಸವಾಗುತ್ತದೆ" ಎಂಬ ಸಮಾಧಾನದ ಮಾತೂ ಕೇಳಿದ್ದೇವೆ. ಸತ್ಯ ಹೇಳುವುದಾದರೆ ನಮ್ಮಲ್ಲೂ ಕೆಲವರು ಅದನ್ನು ಅರ್ಧ ನಂಬಿದ್ದೆವು. ಈಗ ನಂಬುವುದಿಲ್ಲ. ಅಭ್ಯಾಸವಾಗುವುದು ಪಾಠವಲ್ಲ, ಹಿಂದೆ ಉಳಿಯುವುದು.

ಹಾಗೆಂದು ಬೊಟ್ಟು ಬೇರೆಯವರ ಕಡೆಗೆ ಮಾತ್ರ ತೋರಿಸಿದರೆ ಆಗದು. ಸಪ್ತಭಾಷೆಗಳ ನಾಡಿನಲ್ಲಿ ತುಳು, ಕೊಂಕಣಿ, ಬ್ಯಾರಿ, ಮರಾಠಿ, ಮಲಯಾಳ ಮನೆಮಾತಿನ ಮಕ್ಕಳು ನಮ್ಮ ಒಂದನೆಯ ತರಗತಿಗೆ ಬರುತ್ತಾರೆ. ಅವರಿಗೆ ನಮ್ಮ ಪುಸ್ತಕದ ಕನ್ನಡವೂ ಆ ದಿನದ 'ವಲದು ಇಡದು' ಥರವೇ ಅಲ್ಲವೇ? ಅವರಿಗಾಗಿ ನಾವು ಎಷ್ಟು ಸಲ ಹಾಡು ನಿಲ್ಲಿಸಿದ್ದೇವೆ?

ಆದ್ದರಿಂದ ನಮ್ಮ ಶಾಲೆಯಲ್ಲಿ ಕೆಲವು ಬದಲಾವಣೆ ಮಾಡಿಕೊಂಡೆವು. ಮೊದಲ ವಾರ ಹಾಡು ಇಲ್ಲ, ಬರೇ ಎಣಿಕೆ, ಅದೂ ಕನ್ನಡದಲ್ಲಿ. ಬಾರದವರು ಹಿಂದೆ ಅಲ್ಲ, ಮುಂದಿನ ಸಾಲಿನಲ್ಲಿ. ಮಾಡಿಸುವವರು ಮಕ್ಕಳಿಗೆ ಬೆನ್ನು ಹಾಕಿ ನಿಲ್ಲಬೇಕು, ಇಲ್ಲವೇ ಎದುರು ನಿಂತು ಕನ್ನಡಿಯ ಹಾಗೆ ಎಡಗಾಲೆತ್ತಿ "ಬಲ" ಎನ್ನಬೇಕು. ಮೊದಲು ಕಾಲು, ಆಮೇಲೆ ಕೈ. ಮಾಡುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ದಮ್ಮು ಸಾಕು. ಮಾತೇ ಹೊರಡದಿದ್ದರೆ ನಿಂತಲ್ಲೇ ನಡೆಯುವುದು, ಕೂರುವುದು ಬೇಡ. ಹೃದಯದ ತೊಂದರೆ, ದಮ್ಮು ಇರುವವರು ಡಾಕ್ಟರರನ್ನು ಕೇಳಿಯೇ ಸೇರುವುದು. ಇದಕ್ಕೆಲ್ಲ ಒಂದು ಪೈಸೆ ಖರ್ಚಿಲ್ಲ, ಯಾರ ಆದೇಶವೂ ಬೇಡ.

ಇನ್ನೊಂದು ಸಲಹೆ ಸಹೋದ್ಯೋಗಿಗಳಿಗೆ. ವರ್ಷಕ್ಕೊಂದು ಸಲವಾದರೂ ನಮಗೆ ಏನೇನೂ ಬಾರದ ಒಂದನ್ನು ಮಕ್ಕಳ ಎದುರೇ ಕಲಿಯಲು ನಿಲ್ಲೋಣ. ಈಜು, ಸೈಕಲ್, ಚೆಂಡೆ ಯಾವುದಾದರೂ ಆಗಬಹುದು. ಮರ್ಯಾದೆ ಸ್ವಲ್ಪ ಹೋಗುತ್ತದೆ, ನಿಜ. ನಮ್ಮದು ಹೋಗಿದೆ. ಆದರೆ ಮರುದಿನ ಗಣಿತದ ಪೀರಿಯಡ್‌ನಲ್ಲಿ ಅದೇ ಹುಡುಗ ಭಾಗಾಕಾರದಲ್ಲಿ ಸಿಕ್ಕಿಹಾಕಿಕೊಂಡಾಗ, ಹಿಂದಿನಂತೆ "ಗಮನ ಎಲ್ಲಿದೆ?" ಎಂದು ಕೇಳಲು ಬಾಯಿ ಬರಲಿಲ್ಲ. ಹತ್ತಿರ ಹೋಗಿ ಸ್ಲೇಟು ನೋಡಿದೆವು. ಅವನಿಗೆ ಭಾಗಾಕಾರ ಬಾರದ್ದಲ್ಲ, ಏಳರ ಮಗ್ಗಿ ಬಾರದ್ದು. ಮೊದಲು ಅದು, ಆಮೇಲೆ ಇದು.

ನಿಮ್ಮ ಶಾಲೆಯಲ್ಲಿ ಹಿಂದಿನ ಸಾಲಿನಲ್ಲಿ ಯಾರು ನಿಂತಿದ್ದಾರೆ? ಒಮ್ಮೆ ಹೋಗಿ ನೋಡಿ.