ಮೊದಲ ಡೋಸ್ ಕೊಟ್ಟು ಕಳಿಸಿ



ಮಳೆಗಾಲ ಹತ್ತಿರವಾದರೆ ಸಾಕು, ‘ಎಲ್ಲ ತಾಲ್ಲೂಕು ಆಸ್ಪತ್ರೆಗಳಲ್ಲೂ ಹಾವಿನ ವಿಷಕ್ಕೆ ಔಷಧ ದಾಸ್ತಾನಿದೆ’ ಎಂಬ ಹೇಳಿಕೆ ಆರೋಗ್ಯ ಇಲಾಖೆಯಿಂದ ಬರುತ್ತದೆ. ಇರಬಹುದು. ಸ್ಟೋರಿನಲ್ಲಿರುವ ಔಷಧ ಹೊತ್ತಿಗೆ ಸರಿಯಾಗಿ ರೋಗಿಯ ಮೈಗೆ ಸೇರುತ್ತಿದೆಯೇ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮಲೆನಾಡಿನ ಸರ್ಕಾರಿ ಆಸ್ಪತ್ರೆಗಳ ಕ್ಯಾಜುವಾಲ್ಟಿಯಲ್ಲಿ ಶುಶ್ರೂಷಕಿಯಾಗಿ ದುಡಿದು ನಿವೃತ್ತಳಾದವಳು ನಾನು. ಕೊಳಕುಮಂಡಲ ಕಚ್ಚಿ ಕಾಲು ಊದಿಕೊಂಡು ಬಂದವರಿಗೆ ಒಂದು ಟಿ.ಟಿ. ಚುಚ್ಚಿ, ಚೀಟಿ ಬರೆದು, ‘ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ’ ಎಂದು 108 ಹತ್ತಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಘಾಟಿ ದಾರಿಯಲ್ಲಿ ಆ ‘ದೊಡ್ಡಾಸ್ಪತ್ರೆ’ ಎರಡು ತಾಸಿನ ಹಾದಿ.

ಇದನ್ನು ಬರೀ ವೈದ್ಯರ ಸೋಮಾರಿತನ ಎಂದು ನಾನು ಹೇಳಲಾರೆ. ಎಎಸ್‌ವಿ ಎಂಬ ಈ ಔಷಧ ತಯಾರಾಗುವುದು ಕುದುರೆಯ ರಕ್ತದಿಂದ. ಕೆಲವರಿಗೆ ಡ್ರಿಪ್ ಹಾಕಿದ ಸ್ವಲ್ಪ ಹೊತ್ತಿಗೇ ಮೈಯೆಲ್ಲ ದದ್ದು ಏಳುತ್ತದೆ, ಉಸಿರು ಕಟ್ಟುತ್ತದೆ, ಬಿಪಿ ಇಳಿಯುತ್ತದೆ. ಅಡ್ರಿನಾಲಿನ್ ಸಿರಿಂಜಿನಲ್ಲಿ ಎಳೆದಿಟ್ಟುಕೊಂಡಿದ್ದರೆ ಸಾಮಾನ್ಯವಾಗಿ ನಿಭಾಯಿಸಬಹುದು. ಆದರೆ ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ಎಳೆಯ ಡಾಕ್ಟರಿಗೆ, ಬಾಗಿಲಾಚೆ ಊರಿಗೂರೇ ನಿಂತಿರುವಾಗ, ‘ನನ್ನ ಕೈಯಲ್ಲೇ ಏನಾದರೂ ಆದರೆ?’ ಎಂಬ ಭಯ ಹುಟ್ಟುವುದು ಸಹಜ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು 2009ರಲ್ಲೇ ಕಾಯ್ದೆ ಬಂದಿದೆ. ರಾತ್ರಿ ಎರಡು ಗಂಟೆಗೆ ಕ್ಯಾಜುವಾಲ್ಟಿಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಭಯಕ್ಕೆ ಮದ್ದು ತರಬೇತಿ; ರೋಗಿಯನ್ನು ಸಾಗಹಾಕುವುದಲ್ಲ. ಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನೇ ಕೆಡಿಸುತ್ತದೆ. ಅದನ್ನು ತಿಳಿಯಲು ಯಂತ್ರ ಬೇಡ: ಒಣಗಿದ, ಶುಭ್ರವಾದ ಗಾಜಿನ ನಳಿಕೆಗೆ ಎರಡು ಎಂ.ಎಲ್. ರಕ್ತ ಹಾಕಿ 20 ನಿಮಿಷ ಅಲುಗಿಸದೆ ಇಟ್ಟು ಓರೆ ಮಾಡಿ ನೋಡಿದರಾಯಿತು. ನಳಿಕೆ ಗಾಜಿನದ್ದೇ ಆಗಬೇಕು. ಪ್ಲಾಸ್ಟಿಕ್ಕಿನಲ್ಲಿ ಫಲಿತಾಂಶ ನಂಬುವಂತಿಲ್ಲ. ಲಕ್ಷಾಂತರ ರೂಪಾಯಿಯ ಉಪಕರಣ ಉದ್ಘಾಟಿಸುವವರು ಇಷ್ಟು ಅಗ್ಗದ ಗಾಜು ಕ್ಯಾಜುವಾಲ್ಟಿಯಲ್ಲಿದೆಯೇ ಎಂದು ಒಮ್ಮೆ ಕೇಳಲಿ. ಕಟ್ಟುಹಾವಿನದು ಇನ್ನೊಂದು ಬಗೆ. ನೆಲದ ಮೇಲೆ ಮಲಗಿದವರಿಗೆ ಕಚ್ಚಿದ್ದೇ ತಿಳಿಯದಿರಬಹುದು, ನೋವಿಲ್ಲ, ಊತವಿಲ್ಲ. ಬೆಳಿಗ್ಗೆ ರೆಪ್ಪೆ ಜೋತು ಬೀಳುತ್ತದೆ, ಮಾತು ತೊದಲುತ್ತದೆ, ಆಮೇಲೆ ಉಸಿರಾಟವೇ ನಿಲ್ಲುತ್ತದೆ. ಇಂಥವರನ್ನು ಉಸಿರು ತುಂಬುವ ಅಂಬು ಬ್ಯಾಗ್ ಒತ್ತಲು ಬಲ್ಲವರಿಲ್ಲದ ವಾಹನದಲ್ಲಿ ಕಳಿಸಿದರೆ ಅದು ರೆಫರಲ್ ಹೇಗಾದೀತು?

ಕಚ್ಚಿಸಿಕೊಂಡ ಎಲ್ಲರಿಗೂ ಎಎಸ್‌ವಿ ಬೇಕಿಲ್ಲ. ವಿಷದ ಲಕ್ಷಣ ಕಾಣದವರನ್ನು 24 ಗಂಟೆ ನಿಗಾದಲ್ಲಿಟ್ಟರೆ ಸಾಕು. ಲಕ್ಷಣ ಕಂಡವರಿಗೆ ಮಾತ್ರ ಶುರುವಿಗೇ 8ರಿಂದ 10 ವಯಲ್ ಹೋಗಬೇಕು, ಮಗುವಿಗೂ ಅಷ್ಟೇ. ಹಾವೇನು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ. ಶಾಸ್ತ್ರಕ್ಕೆಂದು ಎರಡು ವಯಲ್ ಹಾಕಿ ಕಳಿಸುವುದೂ ಒಂದೇ, ಹಾಕದಿರುವುದೂ ಒಂದೇ.

ಹೃದಯಾಘಾತದಲ್ಲಿ ನಮ್ಮ ಸರ್ಕಾರವೇ ದಾರಿ ತೋರಿಸಿದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಉಚಿತವಾಗಿ ಕೊಟ್ಟು ಆಮೇಲೆ ಮುಂದಕ್ಕೆ ಕಳಿಸುತ್ತಾರೆ. ಹಾವು ಕಡಿತಕ್ಕೂ ಹೀಗೇ ರಾತ್ರಿಯಿಡೀ ಫೋನಿಗೆ ಸಿಗುವ ತಜ್ಞರೊಬ್ಬರು ಬೆನ್ನಿಗಿದ್ದರೆ ಆ ಎಳೆಯ ಡಾಕ್ಟರಿಗೂ ಧೈರ್ಯ ಬಂದೀತು.

2024ರ ಫೆಬ್ರುವರಿಯಲ್ಲಿ ರಾಜ್ಯವು ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿ, ಪ್ರಕರಣಗಳ ವರದಿಯನ್ನು ಕಡ್ಡಾಯ ಮಾಡಿತು. ಸ್ವಾಗತ. ಆದರೆ ಎಷ್ಟು ಜನರಿಗೆ ಕಚ್ಚಿತು, ಎಷ್ಟು ಜನ ಸತ್ತರು ಎಂಬಷ್ಟೇ ಲೆಕ್ಕ ನಮಗೆ ಸಾಲದು. ರೋಗಿ ಕ್ಯಾಜುವಾಲ್ಟಿಗೆ ಬಂದದ್ದು ಎಷ್ಟು ಗಂಟೆಗೆ, ಮೊದಲ ವಯಲ್ ಏರಿದ್ದು ಎಷ್ಟು ಗಂಟೆಗೆ, ಔಷಧವಿಲ್ಲದೆ ರೆಫರ್ ಆದವರೆಷ್ಟು, ಅವರಲ್ಲಿ ದಾರಿಯಲ್ಲೇ ತೀರಿಕೊಂಡವರೆಷ್ಟು – ಇದನ್ನು ತಾಲ್ಲೂಕುವಾರು ತಿಂಗಳು ತಿಂಗಳು ಪ್ರಕಟಿಸಲಿ. ದಾಸ್ತಾನಿನ ಹೇಳಿಕೆಯನ್ನು ಬೇಕಾದರೆ ಅದರ ಕೆಳಗೆ ಹಾಕಿಕೊಳ್ಳಲಿ.

– ನಿವೃತ್ತ ಶುಶ್ರೂಷಕಿ, ಶಿವಮೊಗ್ಗ ಜಿಲ್ಲೆ