35 ಡಿಗ್ರಿಯ ಲ್ಯಾಪ್‌ಟಾಪು, 42 ಡಿಗ್ರಿಯ ಊರು

ಗೇಮ್ ಆಡುವಾಗ ಲ್ಯಾಪ್‌ಟಾಪ್ ಕಾದ ಹಂಚಿನ ಹಾಗಾಗುತ್ತದೆ ಎಂದು ಯಾರಾದರೂ ಹೇಳಿದರೆ ನಮ್ಮಲ್ಲಿ ಸಿಗುವ ಉತ್ತರ ಒಂದೇ: 'ಆಟ ಆಡೂದು ಬಿಡ್ರಿ, ತಾನೇ ತಣ್ಣಗಾಗ್ತದ.' ಮನೆಯಲ್ಲಿ ಅಪ್ಪ ಹೇಳುತ್ತಾರೆ, ಅಂಗಡಿಯವ ಹೇಳುತ್ತಾನೆ, ಸರ್ವಿಸ್ ಸೆಂಟರಿನವರೂ ಅದನ್ನೇ ಹೇಳುತ್ತಾರೆ. ಅಪ್ಪ ಹೇಳಿದ್ದನ್ನು ಕ್ಷಮಿಸಬಹುದು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ 'ಗೇಮಿಂಗ್' ಎಂದು ಬರೆದು ಮಾರಿದವರು ಹೇಳಿದರೆ ಸುಮ್ಮನಿರುವುದು ಹೇಗೆ?

ನಮ್ಮ ಬ್ಯಾಚಿನ ಗೆಳೆಯನೊಬ್ಬ ರಾಯಚೂರು ಜಿಲ್ಲೆಯವನು. ಕಂತಿನ ಮೇಲೆ ಗೇಮಿಂಗ್ ಲ್ಯಾಪ್‌ಟಾಪ್ ತಗೊಂಡ. ಹಗಲು ಮದುವೆ ವಿಡಿಯೊ ಎಡಿಟ್ ಮಾಡಿ ಕಂತು ಕಟ್ಟುವುದು, ರಾತ್ರಿ ಗೆಳೆಯರ ಜೊತೆ ವ್ಯಾಲರೆಂಟ್ ಆಡುವುದು. ಮೊದಲ ಬೇಸಿಗೆ ಹೇಗೋ ಕಳೆಯಿತು. ಎರಡನೆಯ ಏಪ್ರಿಲ್‌ನಲ್ಲಿ ಆಟ ಶುರುವಾದ ಇಪ್ಪತ್ತೇ ನಿಮಿಷಕ್ಕೆ ಚಿತ್ರ ತಡವರಿಸತೊಡಗಿತು, ಒಮ್ಮೊಮ್ಮೆ ಯಂತ್ರವೇ ಆಫ್ ಆಗುತ್ತಿತ್ತು. ವಾರಂಟಿ ಇನ್ನೂ ಇತ್ತು. ಸರ್ವಿಸ್ ಸೆಂಟರಿನವರು ಬಿಚ್ಚಿ, ಫೋಟೊ ತೆಗೆದು ತೋರಿಸಿದರು: 'ಒಳಗೆ ಧೂಳು ತುಂಬಿದೆ. ಇದು ಬಳಕೆದಾರರ ನಿರ್ಲಕ್ಷ್ಯ, ವಾರಂಟಿಗೆ ಬರುವುದಿಲ್ಲ.' ಹತ್ತಿ ಬೆಳೆಯುವ ಊರಿನಲ್ಲಿ, ಜಿನ್ನಿಂಗ್ ಮಿಲ್ಲಿನ ಹಿಂದಿನ ಓಣಿಯಲ್ಲಿ ಬದುಕುವುದು ನಿರ್ಲಕ್ಷ್ಯವೇ? ಹಾಗೆಂದು ಕೇಳಿದ್ದಕ್ಕೆ ಅಲ್ಲಿದ್ದವರು ನಕ್ಕರು.

ಈಗ ನಮ್ಮ ತಕರಾರಿಗೆ ಬರುತ್ತೇವೆ. ಬಹಳಷ್ಟು ಲ್ಯಾಪ್‌ಟಾಪ್‌ಗಳ ಕೈಪಿಡಿಯ ಕೊನೆಯ ಪುಟಗಳಲ್ಲಿ, ಸೊಳ್ಳೆಯ ಕಾಲಿನಂಥ ಅಕ್ಷರದಲ್ಲಿ, ಒಂದು ಸಾಲು ಇರುತ್ತದೆ: ಬಳಸಬೇಕಾದ ಸುತ್ತಲಿನ ಉಷ್ಣತೆ ಗರಿಷ್ಠ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲೇ 40 ದಾಟುತ್ತದೆ. ತಗಡಿನ ಮಾಳಿಗೆಯ ಕೋಣೆಯ ಲೆಕ್ಕ ಬೇರೆಯೇ. ಅಂದರೆ ವರ್ಷದ ಎರಡು ತಿಂಗಳು ನಮ್ಮ ಊರುಗಳು ಈ ಯಂತ್ರದ ನಿಯಮಾವಳಿಯ ಹೊರಗಿವೆ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ. ಕೆಟ್ಟ ಮೇಲೆ ಅದೇ ಕೈಪಿಡಿ ಮೇಜಿನ ಮೇಲೆ ಬರುತ್ತದೆ.

ಈ 35 ಸುಮ್ಮನೆ ಬರೆದ ಅಂಕಿ ಅಲ್ಲ. ಚಿಪ್ಪಿನ ಬಿಸಿಯನ್ನು ತಾಮ್ರದ ಕೊಳವೆ ಹೊತ್ತು ತೆಳ್ಳನೆಯ ಲೋಹದ ರೆಕ್ಕೆಗಳಿಗೆ ತಲುಪಿಸುತ್ತದೆ. ಫ್ಯಾನು ಕೋಣೆಯ ಗಾಳಿಯನ್ನು ಎಳೆದು ಆ ರೆಕ್ಕೆಗಳ ನಡುವೆ ದೂಡುತ್ತದೆ. ಅಷ್ಟೇ ವ್ಯವಸ್ಥೆ. ಒಳಗೆ ಬರುವ ಗಾಳಿಗಿಂತ ತಣ್ಣಗೆ ಅದು ಏನನ್ನೂ ಮಾಡಲಾರದು. 25 ಡಿಗ್ರಿಯ ಎಸಿ ಕೋಣೆಯಲ್ಲಿ 85 ಮುಟ್ಟುವ ಚಿಪ್ಪು, ಅದೇ ಆಟ, ಅದೇ ಫ್ಯಾನ್ ವೇಗದಲ್ಲಿ 42ರ ಕೋಣೆಯಲ್ಲಿ 102ರ ಹತ್ತಿರ ಹೋಗಬೇಕು. ಆದರೆ ಲ್ಯಾಪ್‌ಟಾಪಿನ ಎಷ್ಟೋ ಪ್ರೊಸೆಸರುಗಳಿಗೆ 100 ಡಿಗ್ರಿಯೇ ಗಡಿ. ಗಡಿ ಮುಟ್ಟಿದೊಡನೆ ಚಿಪ್ಪು ತನ್ನ ಜೀವ ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ತಡವರಿಸುವ ಚಿತ್ರ ಅದರದ್ದೇ. ಬೆಂಗಳೂರಿನ ಎಸಿ ಸ್ಟುಡಿಯೊದಲ್ಲಿ ಕೂತು 'ಟೆಂಪರೇಚರ್ ಸೂಪರ್ ಗುರು' ಎನ್ನುವ ಯೂಟ್ಯೂಬ್ ವಿಮರ್ಶಕರು ಒಮ್ಮೆ ಮೇ ತಿಂಗಳಲ್ಲಿ ಲಿಂಗಸುಗೂರಿಗೆ ಬರಲಿ. ಊಟ ನಮ್ಮದು.

ಇನ್ನೊಂದು ಮುಚ್ಚುಮರೆ ವ್ಯಾಟಿನದು. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪು 35 ವ್ಯಾಟಿನಿಂದ 80 ವ್ಯಾಟಿನವರೆಗೆ ಯಾವ ಮಟ್ಟಕ್ಕೂ ಹೊಂದಿಸಿ ಬರಬಹುದು. ಅರ್ಧ ಇಂಚಿನ ತೆಳು ಯಂತ್ರಕ್ಕೆ ಎಷ್ಟು ಕೊಟ್ಟಿದ್ದಾರೆ, ಆ ಬಿಸಿಯನ್ನು ಹೊರಹಾಕಲು ಒಂದು ಫ್ಯಾನೋ ಎರಡೋ, ಗಾಳಿ ಎಲ್ಲಿಂದ ಹೋಗುತ್ತದೆ ಎಂಬುದು ಅಂಗಡಿಯ ಬೋರ್ಡಿನಲ್ಲಿ ಇರುವುದಿಲ್ಲ. ಬೆಲೆ ಇರುತ್ತದೆ, ಬ್ಯಾಗ್ ಫ್ರೀ ಎಂದು ಇರುತ್ತದೆ. ನಾವು ಒಂದು ಅಂಗಡಿಯಲ್ಲಿ ಕೇಳಿಯೂ ನೋಡಿದೆವು. 'ವ್ಯಾಟ್ ಅಂದ್ರ ಚಾರ್ಜರ್‌ದು ಕೇಳ್ತೀರೇನ್ರಿ?' ಎಂದರು. ಅವರ ತಪ್ಪಲ್ಲ, ಅವರಿಗೂ ಯಾರೂ ಹೇಳಿಲ್ಲ.

ಈ ಅಜ್ಞಾನದ ಮೇಲೆಯೇ ಕೂಲಿಂಗ್ ಪ್ಯಾಡಿನ ವ್ಯಾಪಾರ ನಿಂತಿದೆ. ನಾವೂ ಕೊಂಡಿದ್ದೇವೆ, ನೀಲಿ ಲೈಟಿನದ್ದು. ಅದು ಊದುವುದೂ ಅದೇ 42 ಡಿಗ್ರಿಯ ಗಾಳಿ. ತಳದಲ್ಲಿ ಗಾಳಿ ಆಡಲು ಜಾಗವಿಲ್ಲದ ಯಂತ್ರಕ್ಕೆ ಒಂದಿಷ್ಟು ಡಿಗ್ರಿ ಇಳಿಸೀತು. ಒಳಗಿನ ರೆಕ್ಕೆಗಳಿಗೆ ಧೂಳು ಕಂಬಳಿಯಂತೆ ಕಟ್ಟಿಕೊಂಡಿದ್ದರೆ ಹೊರಗೆ ಎಷ್ಟು ಫ್ಯಾನಿಟ್ಟರೇನು? ಹಿಂದಿನ ಅಂಚಿನ ಕೆಳಗೆ ಎರಡು ದಪ್ಪ ಪುಸ್ತಕ ಇಟ್ಟು, ಗಾಳಿ ಹೋಗುವ ಬರುವ ಕಿಂಡಿಗಳನ್ನು ಬಿಟ್ಟುಕೊಟ್ಟರೆ ಬಹುಪಾಲು ಅದೇ ಲಾಭ. ನಮ್ಮ ಸೆಮಿಸ್ಟರಿನ ಪತ್ರಿಕೋದ್ಯಮದ ಪುಸ್ತಕಗಳು ಕೊನೆಗೂ ಉಪಯೋಗಕ್ಕೆ ಬಂದವು. ಹಾಸಿಗೆ, ದಿಂಬು, ಕೌದಿಯ ಮೇಲಿಟ್ಟು ಮಾತ್ರ ಆಡಬೇಡಿ.

ದುಡ್ಡಿಲ್ಲದೆ ನಿಜವಾಗಿ ಬಿಸಿ ಇಳಿಸುವ ದಾರಿ ಒಂದೇ: ಬಿಸಿಯನ್ನು ಹುಟ್ಟಿಸುವುದನ್ನೇ ಕಡಿಮೆ ಮಾಡುವುದು. ಪರದೆ ಸೆಕೆಂಡಿಗೆ 60 ಚಿತ್ರ ತೋರಿಸುವಂಥದ್ದಾದರೆ ಆಟ 200 ಚಿತ್ರ ತಯಾರಿಸುವುದು ಬರೀ ಶಾಖ. ಆಟದ ಸೆಟ್ಟಿಂಗಿನಲ್ಲಿ ಎಫ್‌ಪಿಎಸ್ ಮಿತಿ ಹಾಕಿ. ವ್ಯಾಲರೆಂಟ್‌ನಲ್ಲಿ ಮೆನುವಿಗೇ ಬೇರೆ ಮಿತಿ ಹಾಕಬಹುದು. ವಿಂಡೋಸ್‌ನ ಪವರ್ ಆಯ್ಕೆಯಲ್ಲಿ ಪ್ರೊಸೆಸರಿನ ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ವೇಗ ನಿಲ್ಲುತ್ತದೆ (ಕೆಲವು ಹೊಸ ಯಂತ್ರಗಳಲ್ಲಿ ಈ ಆಯ್ಕೆ ಕಾಣಿಸುವುದಿಲ್ಲ). ಶೇಕಡ ಒಂದರ ಇಳಿಕೆ ಎಂದು ನಗಬೇಡಿ. ನಮ್ಮ ಗೆಳೆಯನ ಯಂತ್ರ ಮತ್ತೆ ಆಡುವಂತಾಗಿದ್ದು ಇದರಿಂದಲೇ. ಏರ್‌ಕೂಲರ್ ಕೋಣೆಯಲ್ಲಿರಲಿ, ಹನಿ ಸಿಡಿಯುವಷ್ಟು ಹತ್ತಿರ ಬೇಡ. ಫ್ರಿಜ್‌ನಲ್ಲಿಟ್ಟು ತಣಿಸುವ ಸಾಹಸ ಬೇಡವೇ ಬೇಡ. ತೆಗೆದೊಡನೆ ಒಳಗೆಲ್ಲ ನೀರು ಬೆವರುತ್ತದೆ.

ಇಷ್ಟಾದರೂ ಧೂಳು ಉಳಿಯುತ್ತದೆ. ನಮ್ಮ ನಿಜವಾದ ಜಗಳ ಇರುವುದು ಅಲ್ಲಿಯೇ. ಫ್ಯಾನು ಸ್ವಚ್ಛ ಮಾಡುವುದು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವಂಥ ಕೆಲಸ. ಯಂತ್ರ ಆಫ್ ಮಾಡಿ, ತಳದ ಸ್ಕ್ರೂ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದು, ಬ್ರಷ್ ಆಡಿಸಿದರೆ ಮುಗಿಯಿತು. ಚಿಪ್ಪಿನ ಮೇಲಿನ ಪೇಸ್ಟ್ ಬದಲಿಸುವುದಕ್ಕೆ ಮಾತ್ರ ತಿಳಿದವರು ಬೇಕು. ಕೆಲವು ಯಂತ್ರಗಳಲ್ಲಿ ಹಾಕಿರುವುದು ದ್ರವ ಲೋಹ, ಚೆಲ್ಲಿದರೆ ಬೋರ್ಡೇ ಸುಟ್ಟೀತು. ಇಂಥ ಸರಳ ಕೆಲಸಕ್ಕೆ ನಮ್ಮ ಗೆಳೆಯನ ಯಂತ್ರದಲ್ಲಿ ಸ್ಕ್ರೂವಿನ ಮೇಲೆ ಸ್ಟಿಕ್ಕರ್ ಅಂಟಿಸಿ, ಹರಿದರೆ ವಾರಂಟಿ ಹೋಯಿತು ಎಂದು ಹೆದರಿಸಿದ್ದರು. ಬಿಚ್ಚಿದರೆ ವಾರಂಟಿ ಇಲ್ಲ. ಬಿಚ್ಚದೆ ಧೂಳು ಕೂತರೂ ವಾರಂಟಿ ಇಲ್ಲ. ಇದೆಂಥ ನ್ಯಾಯ?

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಕೈಪಿಡಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಕಂಪನಿಗಳು ಅಲ್ಲಿ ಕೊಡಲಿ ಎಂಬುದು ಉದ್ದೇಶ. ಒಳ್ಳೆಯದೇ. ಆದರೆ ಪೋರ್ಟಲ್ಲಿನಿಂದ ಫ್ಯಾನು ಊರಿಗೆ ಬರುವುದಿಲ್ಲ. ನಾವು ಕೇಳುವುದು ಇಷ್ಟೇ: ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲೇ, ಕನ್ನಡದಲ್ಲಿ ಎರಡು ಅಂಕಿ ಬರೆಯಿರಿ. ಈ ಯಂತ್ರ ಎಷ್ಟು ಡಿಗ್ರಿಯ ಊರಿಗೆ, ಗ್ರಾಫಿಕ್ಸ್ ಚಿಪ್ಪಿಗೆ ಎಷ್ಟು ವ್ಯಾಟು. ವಾರಂಟಿಯ ಅವಧಿಯಲ್ಲಿ ವರ್ಷಕ್ಕೊಮ್ಮೆ ನೀವೇ ಧೂಳು ತೆಗೆದುಕೊಡಿ, ಇಲ್ಲವೆ ನಾವು ತೆಗೆದರೆ ತಕರಾರು ಮಾಡಬೇಡಿ.

'ಆಟಕ್ಕಾಗಿ ಇಷ್ಟು ಗಲಾಟೆಯೇ?' ಎನ್ನುವವರಿದ್ದಾರೆ. ಅದೇ ಚಿಪ್ಪಿನಲ್ಲಿ ವಿಡಿಯೊ ರೆಂಡರ್ ಆಗುತ್ತದೆ, ಅದೇ ಬಿಸಿಯಲ್ಲಿ ಕಂತು ಹುಟ್ಟಬೇಕು. ಆಟಕ್ಕಾಗಿಯೇ ಎಂದರೂ ತಪ್ಪೇನು? ಸಿನಿಮಾ ಟಾಕೀಸು ಮುಚ್ಚಿದ ಊರಿನಲ್ಲಿ ಹುಡುಗನೊಬ್ಬ ರಾತ್ರಿ ಎರಡು ಗಂಟೆ ಗೆಳೆಯರ ಜೊತೆ ಆಡಿದರೆ ಅವನು ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಡೆಸ್ಕ್‌ಟಾಪ್ ತಗೊಳ್ಳಬಾರದಿತ್ತೇ ಎನ್ನುವ ಜಾಣರಿಗೆ: ನಮ್ಮಲ್ಲಿ ಕರೆಂಟು ಹೇಳದೆ ಹೋಗುತ್ತದೆ, ಕೇಳದೆ ಬರುತ್ತದೆ.

ಗೆಳೆಯ ಕೊನೆಗೆ ಸ್ಟಿಕ್ಕರ್ ಹರಿದ. ಓಣಿಯ ಮೊಬೈಲ್ ರಿಪೇರಿ ಹುಡುಗ ಒಂದು ಗಂಟೆಯಲ್ಲಿ ಫ್ಯಾನು ಸ್ವಚ್ಛ ಮಾಡಿಕೊಟ್ಟ. ರೆಕ್ಕೆಗಳ ನಡುವಿಂದ ಹೊರಬಂದದ್ದು ಒಂದು ಹಿಡಿ ಬೂದು ಬಣ್ಣದ ಹತ್ತಿ. ಅದನ್ನು ಅವನು ಚೀಟಿಯಲ್ಲಿ ಕಟ್ಟಿಟ್ಟಿದ್ದಾನೆ, ಬಿಲ್ಲಿನ ಜೊತೆಗೆ. ಗ್ರಾಹಕರ ಆಯೋಗಕ್ಕೆ ಅರ್ಜಿ ಬರೆಯಲು ನಾವು ಕೂತಿದ್ದೇವೆ.